ಸೂರಿನಡಿಯ ಸಾಧು ರಾಣಿ

ಹರಪನಹಳ್ಳಿ ಸೀಮೆಯ ನೀಲಗುಂದದಲ್ಲಿ ಹಳೆಯ ಮನೆಯೊಂದರ ಪಡಸಾಲೆಗೆ ಹೋಗಿ ತಲೆ ಎತ್ತಿ ನೋಡಿ. ಜಂತೆಯ ಸಂದಿಯಲ್ಲೋ ತಗಡಿನ ಅಂಚಿನಲ್ಲೋ ಬೂದು ಬಣ್ಣದ ಪುಟ್ಟ ಗೂಡೊಂದು ಒಂದೇ ಒಂದು ಸಣ್ಣ ತೊಟ್ಟಿಗೆ ಜೋತುಬಿದ್ದಿರಬಹುದು. ಕಣಜದ ಗೂಡು! ಯಾರೋ ಪಂಜು ತನ್ನಿ ಅನ್ನುತ್ತಾರೆ, ಯಾರೋ ಸೀಮೆಎಣ್ಣೆ ಎಲ್ಲಿ ಅನ್ನುತ್ತಾರೆ. ಒಂದು ಗಳಿಗೆ ತಾಳಿ. ಆ ಗೂಡು ಕಾಗದದ್ದು. ನಿಜವಾದ ಕಾಗದ! ಹಳೇ ಕಂಬದಿಂದ, ಒಣ ಸೌದೆಯಿಂದ ನಾರು ಕೆರೆದು, ಬಾಯಲ್ಲಿ ಅಗಿದು, ಜೊಲ್ಲಿನಲ್ಲಿ ಕಲಸಿ ಆರು ಮೂಲೆಯ ಕೋಣೆಗಳನ್ನು ಎಬ್ಬಿಸಿದ್ದಾಳೆ ಒಂದು ಹೆಣ್ಣು ಹುಳ. ಮನುಷ್ಯರು ಚಿಂದಿ ಬಟ್ಟೆಯಿಂದ ಕಾಗದ ಮಾಡುತ್ತಿದ್ದ ಕಾಲದಲ್ಲಿ, 1719ರಲ್ಲಿ, ಫ್ರಾನ್ಸಿನ ವಿಜ್ಞಾನಿ ರಿಯೋಮರ್ ಇಂಥದೇ ಗೂಡು ನೋಡಿ ಅಲ್ಲಿನ ವಿಜ್ಞಾನ ಅಕಾಡೆಮಿಗೆ ಹೇಳಿದ: ಮರದಿಂದಲೂ ಕಾಗದ ಮಾಡಬಹುದು, ಕಣಜ ಮಾಡುತ್ತಿದೆಯಲ್ಲ!

ಇದರ ಒಳಗಿನ ಕತೆ ಇನ್ನೂ ದೊಡ್ಡದು, ಅದನ್ನು ಬಿಡಿಸಿದ್ದು ನಮ್ಮ ಬೆಂಗಳೂರು. ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗ್ಕರ್ ಡಾಕ್ಟರೇಟ್ ಪಡೆದದ್ದು ಅಣು ಜೀವವಿಜ್ಞಾನದಲ್ಲಿ. ಆದರೆ ಬದುಕಿನ ಬಹುಪಾಲು ಕೊಟ್ಟದ್ದು ಕಿಟಕಿಯಲ್ಲಿ ಜೋತುಬಿದ್ದ ಈ ಹುಳಕ್ಕೆ. ಹೆಸರು ರೋಪಾಲಿಡಿಯಾ ಮಾರ್ಜಿನೇಟಾ. ಕೆಂಗಂದು ಮೈ, ಹೊಟ್ಟೆಯ ಮೇಲೊಂದು ಹಳದಿ ಗೆರೆ. ಒಂದೊಂದು ಹುಳಕ್ಕೂ ಬಣ್ಣದ ಚುಕ್ಕಿ ಇಟ್ಟು, ಯಾರು ಕೂತರು, ಯಾರು ಎದ್ದರು, ಯಾರು ಯಾರಿಗೆ ಉಣಿಸಿದರು ಎಂದು ಅವರೂ ಅವರ ವಿದ್ಯಾರ್ಥಿಗಳೂ ವರ್ಷಗಟ್ಟಲೆ ಬರೆದಿಟ್ಟರು. 2001ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಕಾಶನ ಅದನ್ನು ಇಡೀ ಪುಸ್ತಕವಾಗಿಯೇ ತಂದಿತು.

ಏನು ಕಂಡರು ಗೊತ್ತೆ? ಈ ಗೂಡಿನಲ್ಲಿ ರಾಣಿ ಜೋರು ಮಾಡುವವಳಲ್ಲ. ಕಚ್ಚುವುದೂ ಅಟ್ಟುವುದೂ ಅಪರೂಪ. ತೀರಾ ಸಾಧು ಅವಳು! ಮೊಟ್ಟೆ ಇಡುವವಳು ಮಾತ್ರ ಅವಳೊಬ್ಬಳೇ. ತಾನಿದ್ದೇನೆ ಎಂಬ ಸುದ್ದಿಯನ್ನು ಮೈಯ ಗ್ರಂಥಿಯೊಂದರ ವಾಸನೆಯಾಗಿ ಗೂಡಿಗೆ ಸವರುತ್ತಾಳೆ. ಅವಳನ್ನು ತೆಗೆದು ನೋಡಿ. ಅರ್ಧ ಗಂಟೆ ಕಳೆಯುವಷ್ಟರಲ್ಲಿ, ಅದುವರೆಗೆ ಹತ್ತರಲ್ಲಿ ಹನ್ನೊಂದಾಗಿದ್ದ ಒಬ್ಬ ಕೆಲಸಗಾರ್ತಿ ಸಿಡಿದೇಳುತ್ತಾಳೆ. ಎಲ್ಲರ ಮೇಲೂ ಏರಿಹೋಗುತ್ತಾಳೆ. ಒಬ್ಬಳೇ, ಇಬ್ಬರಲ್ಲ, ಉಳಿದವರು ಜಗಳವೇ ಇಲ್ಲದೆ ದಾರಿ ಬಿಡುತ್ತಾರೆ. ಹಳೆ ರಾಣಿಯನ್ನು ಮರಳಿ ಬಿಟ್ಟರೆ ಈಕೆ ತಣ್ಣಗಾಗುತ್ತಾಳೆ. ಬಿಡದಿದ್ದರೆ ವಾರದ ಆಸುಪಾಸಿನಲ್ಲಿ ಮೊಟ್ಟೆ ಇಡತೊಡಗುತ್ತಾಳೆ, ಆಮೇಲೆ ಅವಳೂ ಸಾಧು. ಮುಂದಿನ ರಾಣಿ ಯಾರೆಂದು ನೋಡುವ ಮನುಷ್ಯರಿಗೆ ಮೊದಲೇ ತಿಳಿಯುವುದಿಲ್ಲ. ಕಣಜಗಳಿಗೆ ತಿಳಿದಿರುವ ಹಾಗಿದೆ! ಗೂಡನ್ನು ಎರಡು ಭಾಗ ಮಾಡಿ, ನಡುವೆ ಜಾಲರಿ ಇಟ್ಟು ಮಾಡಿದ ಪ್ರಯೋಗದಿಂದ 2008ರಲ್ಲಿ ಗದಗ್ಕರ್ ತಂಡ ಬಯಲಿಗೆ ತಂದ ಸಂಗತಿ ಇದು. ಓದಿದಾಗ ನನಗೆ ಮೈ ಜುಮ್ಮೆಂದಿತು.

ಮನೆಯವರಿಗೆ ಇದರಿಂದ ಏನು? ಬೇಕಾದ್ದೆಲ್ಲ ಇದರಲ್ಲೇ ಇದೆ. ಸ್ಪ್ರೇ ಹೊಡೆದು ನಾಲ್ಕು ಹುಳ ಉದುರಿಸಿದರೆ, ಆ ನಾಲ್ಕರಲ್ಲಿ ರಾಣಿಯೇ ಇದ್ದರೂ, ಗೂಡು ಸಾಯುವುದಿಲ್ಲ. ಗಾದಿ ಏರಲು ಇನ್ನೊಬ್ಬಳು ಇದ್ದಾಳೆ.

ಮೊಬೈಲಿನಲ್ಲಿ ಹುಡುಕಿದರೆ ಸಿಗುವ ಸಲಹೆಗಳೆಲ್ಲ ಹೆಚ್ಚಾಗಿ ಯೆಲ್ಲೋ ಜಾಕೆಟ್ ಎಂಬ ಕಣಜದ್ದು. ಅದು ತಂಪು ನಾಡಿನ ಹುಳ, ಭಾರತದಲ್ಲಿ ಹಿಮಾಲಯದ ಕಡೆಯದು. ನೆಲದ ಬಿಲದಲ್ಲಿ ಸಾವಿರಾರು ಸಂಖ್ಯೆಯಲ್ಲಿ ಬೆಳೆದು, ಚಳಿ ಬಿದ್ದೊಡನೆ ಸಂಸಾರವೆಲ್ಲ ಸತ್ತು, ಹೊಸ ರಾಣಿಯರಷ್ಟೇ ಅಡಗಿ ಉಳಿಯುತ್ತಾರೆ. ಚಳಿಗಾಲದವರೆಗೆ ಕಾಯಿರಿ ಎಂಬ ಮಾತು ಅಲ್ಲಿಗೆ ಸರಿ. ಹರಪನಹಳ್ಳಿ ಸೀಮೆಯಲ್ಲಿ ಅಂಥ ಚಳಿ ಎಲ್ಲಿದೆ? ನಮ್ಮ ಕಣಜ ವರ್ಷದ ಯಾವ ತಿಂಗಳಲ್ಲಾದರೂ ಗೂಡು ಹೂಡುತ್ತದೆ. ಕಲ್ಯಾಣ ಚಾಲುಕ್ಯರ ಕಾಲದ ಭೀಮೇಶ್ವರ ಗುಡಿಯಿರುವ ನೀಲಗುಂದದಲ್ಲಿ ಮಳೆ ತಾಗದ ಕಲ್ಲುಸಂದಿಗಳಿಗೇನು ಬರವೇ?

ಹಾಗಾಗಿ ಕಾಯುವುದಲ್ಲ, ನೋಡುತ್ತಿರುವುದು. ಗೂಡು ಹುಟ್ಟುವುದು ಒಂದೇ ಹೆಣ್ಣಿನಿಂದ, ಅಥವಾ ಕೈಬೆರಳೆಣಿಕೆಯ ಹೆಣ್ಣುಗಳಿಂದ. ಮೂರು ನಾಲ್ಕು ಕೋಣೆ ಇರುವಾಗಲೇ ಕಣ್ಣಿಗೆ ಬಿದ್ದರೆ, ಕತ್ತಲಾದ ಮೇಲೆ ಉದ್ದ ಕೋಲಿನಿಂದ ಕೆಡವಿ, ತೊಟ್ಟು ಅಂಟಿದ್ದ ಜಾಗ ಕೆರೆದು ಸಾಬೂನು ನೀರಲ್ಲಿ ತೊಳೆದರೆ ಮುಗಿಯಿತು. ಬೆಳೆದ ಗೂಡು ಓಡಾಡುವ ಬಾಗಿಲ ಮೇಲೆಯೇ ಇದ್ದರೆ ಮೈತುಂಬ ದಪ್ಪ ಬಟ್ಟೆ, ಮುಖಕ್ಕೆ ಬಲೆ, ಕತ್ತಲ ಹೊತ್ತು, ದೂರಕ್ಕೆ ಚಿಮ್ಮುವ ಸಾಬೂನು ನೀರು. ಸಾಬೂನು ಹುಳದ ಉಸಿರಿನ ರಂಧ್ರಗಳನ್ನು ಮುಚ್ಚುತ್ತದೆ. ಹಗಲು ಕೆಡವಿದರೆ ಹೊರಗೆ ಹೋದವು ಮರಳಿ ಬಂದು ಅಲ್ಲೇ ಸುತ್ತುತ್ತವೆ. ಪಂಜು ಮಾತ್ರ ಬೇಡವೇ ಬೇಡ. ಜಂತೆ ಒಣಗಿದೆ, ಮೇಲೆ ಹುಲ್ಲಿದೆ, ಕೆಳಗೆ ದನ ಕಟ್ಟಿದೆ.

ಗೂಡು ಸೂರಿನ ಕೆಳಗಲ್ಲದೆ ಹೊಲದ ಬೇಲಿಯಲ್ಲಿದ್ದರೆ ದಯವಿಟ್ಟು ಬಿಟ್ಟುಬಿಡಿ. ಮರಿಗಳಿಗೆ ಬೇಕಾದ್ದು ಮಾಂಸ. ಅದಕ್ಕಾಗಿ ಈ ಹೆಣ್ಣುಗಳು ಗಿಡದಿಂದ ಗಿಡಕ್ಕೆ ಹಾರಿ ಹಸಿರು ಹುಳುಗಳನ್ನು ಹಿಡಿದು, ಅಗಿದು ಉಂಡೆ ಕಟ್ಟಿ ಒಯ್ಯುತ್ತವೆ. ಮೆಕ್ಕೆಜೋಳ ಬೆಳೆಯುವವರಿಗೆ ಹುಳು ತಿನ್ನುವವರ ಬೆಲೆ ನಾನು ಹೇಳಬೇಕಿಲ್ಲ.

ಬಚ್ಚಲ ಹತ್ತಿರ ಹಸಿ ಮಣ್ಣು ಹೊತ್ತೊಯ್ಯುವ ಕಣಜದ್ದು ಬೇರೆಯದೇ ವಿಸ್ಮಯ. ಅದಕ್ಕೆ ಸೈನ್ಯವಿಲ್ಲ, ರಾಣಿಯಿಲ್ಲ, ಒಂಟಿ ತಾಯಿ. ಒಂದು ಜಾತಿ ಬಾಯಿ ಮಡಿಸಿದ ಪುಟ್ಟ ಗಡಿಗೆಯಂಥ ಗೂಡನ್ನೇ ಮಾಡುತ್ತದೆ, ಒಳಗೆ ಮೊಟ್ಟೆಯನ್ನು ಎಳೆಯೊಂದರಿಂದ ತೂಗುಬಿಟ್ಟು, ಚುಚ್ಚಿ ಮರಗಟ್ಟಿಸಿದ ಹಸಿರು ಹುಳುಗಳನ್ನು ತುಂಬಿ ಬಾಯಿ ಮುಚ್ಚುತ್ತದೆ. ಇನ್ನೊಂದು ಜೇಡಗಳನ್ನು ತುಂಬುತ್ತದೆ. ಪ್ರವಚನ ಕೇಳಿ ಬೆಳೆದವರಿಗೆ ಭ್ರಮರ-ಕೀಟ ನ್ಯಾಯ ಗೊತ್ತು: ಭ್ರಮರ ಹುಳುವನ್ನು ತಂದು ಕೂಡಿಹಾಕಿ ಗುಂಯ್‌ಗುಟ್ಟುತ್ತಿದ್ದರೆ ಹುಳುವೇ ಭ್ರಮರವಾಗಿ ಹೊರಬರುತ್ತದೆ ಎಂಬುದು. ಎಷ್ಟು ಸೂಕ್ಷ್ಮವಾಗಿ ನೋಡಿದ್ದರು ನಮ್ಮವರು! ಹುಳು ಒಳಗೆ ಹೋದದ್ದೂ ನಿಜ, ಕಣಜ ಹೊರಬಂದದ್ದೂ ನಿಜ. ನಡುವೆ ನಡೆಯುವುದು ಊಟ. ಮೊಟ್ಟೆಯೊಡೆದ ಮರಿ ಆ ಹುಳುಗಳನ್ನು ತಿಂದು ಬೆಳೆಯುತ್ತದೆ.

ಈ ಮಣ್ಣಿನ ಕಣಜ ಗೂಡು ಕಾಯಲು ನಿಲ್ಲುವುದಿಲ್ಲ, ಹಿಡಿದು ಹಿಚುಕದೆ ಚುಚ್ಚುವುದೂ ಅಪರೂಪ. ತೂತು ಬಿದ್ದ ಗೂಡು ಖಾಲಿಯಾಗಿದೆ, ಕೆರೆದು ಹಾಕಿ. ಆದರೆ ಸಿಕ್ಕ ಕೊಳವೆಗೆಲ್ಲ ಮಣ್ಣು ತುಂಬುವ ಚಟ ಇದಕ್ಕಿದೆ. 1996ರ ಫೆಬ್ರವರಿ 6ರಂದು ಡೊಮಿನಿಕನ್ ಗಣರಾಜ್ಯದಿಂದ ಮೇಲೇರಿದ ಬಿರ್ಗೆನ್‌ಏರ್ ವಿಮಾನ ಸಮುದ್ರಕ್ಕೆ ಬಿದ್ದು 189 ಜನ ಸತ್ತರು. ವೇಗ ಅಳೆಯುವ ಕೊಳವೆ ಕಟ್ಟಿಕೊಂಡಿತ್ತು, ಅದನ್ನು ಮುಚ್ಚಿದ್ದು ಮಣ್ಣಿನ ಕಣಜದ ಗೂಡೇ ಇರಬೇಕೆಂಬುದು ತನಿಖೆಯವರ ಶಂಕೆ. ಬಳಸದೆ ಬಿಟ್ಟ ಪೈಪಿನ ಬಾಯಿಗೆ, ಚಿಲಕದ ತೂತಿಗೆ, ಖಾಲಿ ಸ್ವಿಚ್ ಪೆಟ್ಟಿಗೆಗೆ ಮುಚ್ಚಳವಿರಲಿ. ನಲ್ಲಿ ಸೋರದೆ ನೆಲ ಒಣಗಿದ್ದರೆ ಇಲ್ಲಿ ಕಟ್ಟಲು ಮಣ್ಣೇ ಸಿಗದು.

ನಿಜವಾಗಿ ಹೆದರಬೇಕಾದ್ದು ಒಂದಿದೆ. ಕಪ್ಪು ಮೈ, ಹೊಟ್ಟೆಗೆ ಅಗಲ ಹಳದಿ ಪಟ್ಟಿ, ಬೆರಳ ಗೆಣ್ಣಿಗೂ ಉದ್ದ: ವೆಸ್ಪಾ ಟ್ರಾಪಿಕಾ. ಅದು ಬದುಕುವುದೇ ಸಣ್ಣ ಕಣಜಗಳ ಮರಿಗಳನ್ನು ದೋಚಿ! ಗದಗ್ಕರ್ ಅವರ ಬೆಂಗಳೂರಿನ ಪ್ರಯೋಗಾಲಯದವರು ತಮ್ಮ ಕಣಜಗಳ ಮನೆಗೆ ಮುಕ್ಕಾಲು ಸೆಂಟಿಮೀಟರ್ ಕಣ್ಣಿನ ಜಾಲರಿ ಹೊದಿಸಿದ್ದು ಇದಕ್ಕಾಗಿಯೇ. ಸಣ್ಣವು ನುಸುಳುತ್ತವೆ, ಇದು ನುಸುಳಲಾರದು. ಅಡುಗೆಮನೆಯ ಕಿಟಕಿಗೆ ಎರಡನ್ನೂ ತಡೆಯುವ ಸೊಳ್ಳೆ ಜಾಲರಿಯೇ ಬೇಕು. ಬೆಲ್ಲದ ಡಬ್ಬಿ, ಹಣ್ಣಿನ ಸಿಪ್ಪೆ, ಮಾಂಸದ ಚೂರು ಮುಚ್ಚಿಡಿ. ಈ ದೊಡ್ಡ ಕಣಜದ ಗೂಡು ಕಂಡರೆ ಮಾತ್ರ ಕೈ ಹಾಕಬೇಡಿ, ಅಗ್ನಿಶಾಮಕದವರನ್ನೋ ಪಳಗಿದವರನ್ನೋ ಕರೆಯಿರಿ. ಜೇನುಹುಳ ಚುಚ್ಚಿದರೆ ಮುಳ್ಳು ಕಳಚಿ ಉಳಿಯುತ್ತದೆ. ಕಣಜದ ಮುಳ್ಳು ಉಳಿಯದು, ಮತ್ತೆ ಮತ್ತೆ ಚುಚ್ಚಬಲ್ಲದು. ತೊಳೆದು ತಣ್ಣೀರ ಬಟ್ಟೆ ಇಡಿ. ಉಸಿರು ಕಟ್ಟಿದರೆ, ತುಟಿ ನಾಲಿಗೆ ಊದಿದರೆ, ತಲೆ ಸುತ್ತಿದರೆ, ಅಥವಾ ಹತ್ತಾರು ಕಡೆ ಚುಚ್ಚಿದ್ದರೆ ಸುಣ್ಣ ಹುಣಸೆ ಹುಡುಕುತ್ತ ಕೂರದೆ ಕೂಡಲೇ 108ಕ್ಕೆ ಫೋನ್ ಮಾಡಿ.

ಇನ್ನು ಬಚ್ಚಲ ಗೋಡೆಯ ಮೇಲೆ ಮಿರಮಿರ ಮಿಂಚುವ ಹಸಿರು-ನೀಲಿ ಕಣಜವೊಂದು ತನಗಿಂತ ದಪ್ಪ ಜಿರಲೆಯ ಮೀಸೆ ಹಿಡಿದು ನಡೆಸಿಕೊಂಡು ಹೋಗುವುದನ್ನು ಕಂಡರೆ, ಎತ್ತಿದ ಚಪ್ಪಲಿ ಇಳಿಸಿಬಿಡಿ. ಆಂಪುಲೆಕ್ಸ್ ಅದು. ಜಿರಲೆಯ ಮಿದುಳಿಗೇ ಗುರಿಯಿಟ್ಟು ಚುಚ್ಚಿ, ಕಾಲಿಗೆ ಬಲವಿದ್ದೂ ಓಡಬೇಕೆಂಬ ಮನಸ್ಸೇ ಇಲ್ಲದಂತೆ ಮಾಡಿದೆ. ಬಿಲ ಸೇರಿದ ಮೇಲೆ ಆ ಜಿರಲೆಯ ಕಾಲಿಗೆ ಒಂದು ಮೊಟ್ಟೆ ಅಂಟಿಸಿ, ಬಾಗಿಲಿಗೆ ಕಸಕಡ್ಡಿ ಮುಚ್ಚಿ, ಇನ್ನೊಂದು ಜಿರಲೆ ಹುಡುಕಲು ಹೊರಡುತ್ತದೆ.