ಮೂರು ಬ್ಯಾಗು, 8,400 ರೂಪಾಯಿ: ಉಮ್ಮ ನೋಡಿದ ಊಟಿ

ನಮ್ಮ ಉಪ್ಪ ಲಾರಿ ಚಾಲಕರಾಗಿದ್ದರು. ಊಟಿಯಿಂದ ಮಂಗಳೂರಿಗೆ ಕ್ಯಾರೆಟ್, ಆಲೂಗಡ್ಡೆ, ಕೋಸು ತರುವುದು ಅವರ ಎಷ್ಟೋ ವರ್ಷಗಳ ಕೆಲಸ. ಮನೆಗೆ ಬರುವಾಗ ಸೊಪ್ಪು ಕತ್ತರಿಸದ ಕ್ಯಾರೆಟ್ ಕಟ್ಟು, ಒಂದು ಪೊಟ್ಟಣ ವರ್ಕಿ ಕೈಯಲ್ಲಿ ಇದ್ದೇ ಇರುತ್ತಿತ್ತು. "ಅಲ್ಲಿಯ ಚಳಿ ಎಂತದು ಗೊತ್ತುಂಟಾ? ಸ್ಟೇರಿಂಗ್ ಹಿಡಿದ ಕೈಯೇ ಬಿಡ್ಲಿಕ್ಕೆ ಬರುವುದಿಲ್ಲ" ಎಂದು ಉಮ್ಮನಿಗೆ ಹೇಳುತ್ತಿದ್ದರು. "ಒಮ್ಮೆ ನಿನ್ನನ್ನೂ ಕರ್ಕೊಂಡು ಹೋಗ್ತೇನೆ" ಎಂದೂ ಹೇಳುತ್ತಿದ್ದರು. ಕರೆದುಕೊಂಡು ಹೋಗುವ ಮೊದಲೇ ಅವರು ಹೋಗಿಬಿಟ್ಟರು.

ಆಮೇಲೆ ಆ ಮಾತು ಗಲ್ಫಿನಲ್ಲಿರುವ ಅಣ್ಣನ ಪಾಲಿಗೆ ಬಂತು. "ಮುಂದಿನ ರಜೆಗೆ ಬರುವಾಗ ಇನ್ನೋವಾ ಮಾಡುವ, ಒಳ್ಳೆಯ ರೆಸಾರ್ಟ್ ಬುಕ್ ಮಾಡುವ" ಎನ್ನುತ್ತಿದ್ದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ಒಂದು ರಜೆ ತಂಗಿಯ ನಿಶ್ಚಿತಾರ್ಥಕ್ಕೆ ಹೋಯಿತು, ಇನ್ನೊಂದು ಮನೆಯ ಸ್ಲ್ಯಾಬಿಗೆ, ಮತ್ತೊಂದು ಯಾರದೋ ಆಸ್ಪತ್ರೆಗೆ. ರೆಸಾರ್ಟಿನ ದರ ಪ್ರತಿ ವರ್ಷ ಏರಿತು. ಅದರ ಜೊತೆ ಉಮ್ಮನ ಮೊಣಕಾಲು ನೋವೂ ಏರಿತು. ಕಳೆದ ವರ್ಷ ಡಾಕ್ಟರು "ಇನ್ನು ಮೆಟ್ಟಿಲು ಕಡಿಮೆ ಮಾಡಿ" ಎಂದ ದಿನ ತಂಗಿ ನನ್ನನ್ನು ಅಂಗಳಕ್ಕೆ ಕರೆದು ಹೇಳಿದಳು: "ಹಣ ಆಗುವಾಗ ಉಮ್ಮನಿಗೆ ನಡೆಯಲಿಕ್ಕೆ ಆಗದಿದ್ದರೆ? ಬಸ್ಸಲ್ಲಿ ಹೋಗುವ. ನಾನು ಲೆಕ್ಕ ಹಾಕ್ತೇನೆ."

ಬೆನ್ನಿಗೊಂದು ಬ್ಯಾಗ್ ಹಾಕಿ ತಿರುಗುವ ವಿದೇಶಿ ಹುಡುಗರನ್ನು ನಾವೆಲ್ಲ ನೋಡಿದ್ದೇವೆ. ಅದೇ ಕ್ರಮದಲ್ಲಿ ಅರವತ್ತೆರಡು ವರ್ಷದ ಉಮ್ಮನನ್ನು ಕರೆದುಕೊಂಡು ಹೋಗಬಹುದೇ ಎಂಬುದು ನಮ್ಮ ಮುಂದಿದ್ದ ಪ್ರಶ್ನೆ.

ಹೊರಟದ್ದು ಹೇಗೆ?

ಫೆಬ್ರವರಿ ಮೊದಲ ವಾರ, ರಂಝಾನ್ ಶುರುವಾಗುವ ಮುಂಚೆ, ಸೋಮವಾರ ರಾತ್ರಿ ಹೊರಟೆವು. ದಿನ ಆರಿಸಿದ್ದು ತಂಗಿ. ಊಟಿ ದುಬಾರಿಯಾಗುವುದು ಏಪ್ರಿಲ್‌ನಿಂದ ಜೂನ್ ಆರಂಭದವರೆಗೆ, ಮತ್ತೆ ದಸರಾ, ಕ್ರಿಸ್ಮಸ್, ಪೊಂಗಲ್ ಹಾಗೂ ವಾರಾಂತ್ಯದ ರಜೆಗಳಲ್ಲಿ. ಅದೇ ಕೋಣೆ ಮೇ ತಿಂಗಳ ಶನಿವಾರ ಒಂದು ದರ, ಫೆಬ್ರವರಿಯ ಮಂಗಳವಾರ ಇನ್ನೊಂದು ದರ. ಖರ್ಚು ಉಳಿಸುವ ಮೊದಲ ಕೆಲಸ ಕ್ಯಾಲೆಂಡರ್ ನೋಡುವುದು.

ಮಂಗಳೂರಿನಿಂದ ಮೈಸೂರಿಗೆ ಕೆಂಪು ಬಸ್. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಉಮ್ಮನಿಗೂ ತಂಗಿಗೂ ಶೂನ್ಯ ಟಿಕೆಟ್, ನನಗೆ ಮಾತ್ರ ಹಣ. ವಿಳಾಸ ಇರುವ ಗುರುತಿನ ಚೀಟಿ ಕೈಯಲ್ಲಿದ್ದರೆ ಸಾಕು. ರಾಜಹಂಸ, ಸ್ಲೀಪರ್‌ನಂಥ ಐಷಾರಾಮಿ ಬಸ್‌ಗಳಿಗೆ ಇದು ಅನ್ವಯಿಸುವುದಿಲ್ಲ. ಮೈಸೂರಿನಿಂದ ಊಟಿಗೆ ಹೋಗುವುದು ಅಂತರರಾಜ್ಯ ಬಸ್, ಅಲ್ಲಿ ಮೂವರಿಗೂ ಟಿಕೆಟ್. ಬಂಡೀಪುರದ ಕಾಡುದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧ ಇರುವುದರಿಂದ ಬೆಳಿಗ್ಗೆಯ ಬಸ್ಸೇ ಒಳ್ಳೆಯದು. ಹಗಲಲ್ಲಿ ಹೋದರೆ ಲಾಭವೂ ಉಂಟು. ಸಫಾರಿ ಜೀಪಿಗೆ ಹಣ ಕೊಡದೆ ಕಿಟಕಿಯಿಂದಲೇ ಜಿಂಕೆ ಹಿಂಡು, ನವಿಲು, ದೂರದಲ್ಲಿ ಒಂದು ಆನೆ ಕಂಡಿತು. ಉಮ್ಮ ಸೀಟಿನಿಂದ ಎದ್ದೇ ನಿಂತರು.

ಕಾರಿನಲ್ಲಿ ಹೋಗುವವರಿಗೆ ಇನ್ನೊಂದು ಕೆಲಸ ಉಂಟು. 2024ರ ಮೇ ತಿಂಗಳಿನಿಂದ ಮದ್ರಾಸ್ ಹೈಕೋರ್ಟ್ ಆದೇಶದಂತೆ ನೀಲಗಿರಿಗೆ ಬರುವ ಪ್ರವಾಸಿ ವಾಹನಗಳಿಗೆ ಇ-ಪಾಸ್ ಬೇಕು. ಸರ್ಕಾರಿ ಬಸ್ಸಿನಲ್ಲಿ ಹೋಗುವವರಿಗೆ ಆ ತಲೆಬಿಸಿ ಇಲ್ಲ. ಆದರೆ ಪ್ಲಾಸ್ಟಿಕ್ ನಿಯಮ ಎಲ್ಲರಿಗೂ ಒಂದೇ. ನೀಲಗಿರಿ ಜಿಲ್ಲೆಯಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ನೀರಿನ ಬಾಟಲಿಗೆ ನಿಷೇಧ. ನಾವು ಸ್ಟೀಲ್ ಬಾಟಲಿ ಒಯ್ದಿದ್ದೆವು. ಅಲ್ಲಲ್ಲಿ ಇರುವ ನೀರಿನ ಎಟಿಎಂಗಳಲ್ಲಿ ತುಂಬಿಸಿಕೊಂಡೆವು.

ಕೋಣೆ, ಚಳಿ, ಬಿಸಿನೀರು

ಬಸ್ ನಿಲ್ದಾಣದಲ್ಲಿ ಇಳಿದ ಕೂಡಲೇ ದಲ್ಲಾಳಿಗಳು ಸುತ್ತುವರಿದರು. "ರೂಮ್ ಸಾರ್, ಸೈಟ್‌ಸೀಯಿಂಗ್ ಸಾರ್, ಹತ್ತು ಪಾಯಿಂಟ್." ಈ ಹತ್ತು ಪಾಯಿಂಟ್ ಎಂಬುದೇ ಜೇಬಿಗೆ ತೂತು. ಗಡಿಬಿಡಿಯಲ್ಲಿ ಒಂದೊಂದು ಕಡೆ ಇಳಿಸಿ, ಫೋಟೋ ತೆಗೆಸಿ, ಚಾಕಲೇಟ್ ಅಂಗಡಿಗೆ ಒಯ್ಯುತ್ತಾರೆ. ನಾವು ಮೊದಲೇ ಫೋನ್‌ನಲ್ಲಿ ಮಾತಾಡಿಟ್ಟಿದ್ದ, ಬಸ್ ನಿಲ್ದಾಣಕ್ಕೆ ಹತ್ತಿರದ ಸಣ್ಣ ಲಾಡ್ಜಿಗೆ ನಡೆದೇ ಹೋದೆವು. ಮೂರು ಹಾಸಿಗೆಯ ಕೋಣೆಗೆ ದಿನಕ್ಕೆ 1,100 ರೂಪಾಯಿ. ಇದಲ್ಲದೆ ಆನಂದಗಿರಿಯ ವೈಡಬ್ಲ್ಯೂಸಿಎ ವಸತಿಗೃಹ, ತಮಿಳುನಾಡು ಪ್ರವಾಸೋದ್ಯಮ ನಿಗಮದ ಹೋಟೆಲ್, ರೈಲು ನಿಲ್ದಾಣದ ವಿಶ್ರಾಂತಿ ಕೊಠಡಿಗಳನ್ನೂ ವಿಚಾರಿಸಬಹುದು.

ಕಡಿಮೆ ದರದ ಕೋಣೆಯಲ್ಲಿ ಎಲ್ಲವೂ ಸರಿಯಿತ್ತು ಎಂದರೆ ಸುಳ್ಳಾದೀತು. "24 ಗಂಟೆ ಬಿಸಿನೀರು" ಎಂದವರು ಬೆಳಿಗ್ಗೆ ಕೊಟ್ಟದ್ದು ಎರಡು ಬಕೆಟ್. ಕಂಬಳಿ ತೆಳು. ಮೊದಲ ರಾತ್ರಿ ಉಮ್ಮನಿಗೆ ನಿದ್ದೆಯೇ ಬರಲಿಲ್ಲ. ನಡುರಾತ್ರಿ ಎದ್ದು ಕೂತು, "ಅವರು ಹೇಳಿದ್ದು ಈ ಚಳಿಯೇ ಅಲ್ವಾ ಮೋನೆ?" ಎಂದು ಕೇಳಿದರು. ನನಗೆ ಏನೂ ಹೇಳಲಾಗಲಿಲ್ಲ. ಮರುದಿನ ಕೇಳಿ ಇನ್ನೆರಡು ಕಂಬಳಿ ಪಡೆದೆವು. ಊಟಿ ಇರುವುದು ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿ. ಚಳಿಗಾಲದ ರಾತ್ರಿ ಹುಲ್ಲಿನ ಮೇಲೆ ಹಿಮ ಬೀಳುವುದೂ ಉಂಟು. ಹಿರಿಯರು ಜೊತೆಗಿದ್ದರೆ ಸ್ವೆಟರ್, ಕಾಲುಚೀಲ, ಕಿವಿ ಮುಚ್ಚುವ ಬಟ್ಟೆ, ಮಾತ್ರೆಗಳನ್ನು ಮನೆಯಿಂದಲೇ ಒಯ್ಯಿರಿ. ಮೊದಲ ದಿನ ಹೆಚ್ಚು ಓಡಾಟ ಇಟ್ಟುಕೊಳ್ಳಬೇಡಿ.

ಹಣ ಬೇಡದ ಊಟಿ

ಮೊದಲ ದಿನ ಮಧ್ಯಾಹ್ನ ಸಸ್ಯೋದ್ಯಾನ. 1848ರಲ್ಲಿ ಶುರುವಾದ ಈ ತೋಟವನ್ನು ರೂಪಿಸಿದವರು ಮ್ಯಾಕ್‌ಐವರ್ ಎಂಬ ತೋಟಗಾರ. ಸಣ್ಣ ಪ್ರವೇಶ ಶುಲ್ಕ ಕೊಟ್ಟರೆ ಸಂಜೆಯವರೆಗೆ ಕೂರಬಹುದು. ಮೇಲಿನ ಭಾಗ ಏರು ದಾರಿ. ಉಮ್ಮ ಕೆಳಗಿನ ಹುಲ್ಲುಹಾಸಿನಲ್ಲಿ ಕೂತರು. ಮನೆಯಿಂದ ಕಟ್ಟಿ ತಂದಿದ್ದ ಪತ್ತಿರಿಯ ಕೊನೆಯ ತುಂಡುಗಳನ್ನು ಅಲ್ಲೇ ತಿಂದೆವು.

ಸೇಂಟ್ ಸ್ಟೀಫನ್ಸ್ ಚರ್ಚ್ ನೋಡಲು ಹೋದದ್ದು ಒಂದು ಕುತೂಹಲಕ್ಕೆ. 1830ರ ಹೊತ್ತಿಗೆ ಕಟ್ಟಿದ ಈ ಕಟ್ಟಡಕ್ಕೆ ಬಳಸಿದ ಮರದ ತೊಲೆಗಳು ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನರ ಅರಮನೆಯಿಂದ ತಂದವು. ಆ ಕಾಲದಲ್ಲಿ ಅಷ್ಟು ದೊಡ್ಡ ಮರಗಳನ್ನು ಈ ಘಾಟಿ ಹತ್ತಿಸಿದ್ದು ಹೇಗೆ ಎಂದು ತಂಗಿ ತಲೆ ಎತ್ತಿ ನೋಡುತ್ತಲೇ ನಿಂತಳು.

ಇಲ್ಲಿ ನಮಗೆ ಪರಕೀಯ ಅನಿಸುವುದೂ ಕಡಿಮೆ. ದೊಡ್ಡಬೆಟ್ಟ ಎಂಬ ಹೆಸರನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 2,637 ಮೀಟರ್ ಎತ್ತರದ ಈ ಶಿಖರ ನೀಲಗಿರಿಯಲ್ಲೇ ದೊಡ್ಡದು. ಇಲ್ಲಿಯ ಬಡಗರು ಆಡುವ ಭಾಷೆ ಕನ್ನಡಕ್ಕೆ ತೀರಾ ಹತ್ತಿರ. ಇನ್ನು ಗೂಡಲೂರಿನಿಂದ ಊಟಿಯವರೆಗೆ ಮಲಯಾಳಿಗಳು ಬಹಳ. ಬಸ್ ನಿಲ್ದಾಣದ ಹತ್ತಿರದ ಚಹಾದಂಗಡಿಯಲ್ಲಿ ಉಮ್ಮ ಬ್ಯಾರಿಯಲ್ಲಿ ಕೇಳಿದರು, ಅವನು ಮಲಯಾಳದಲ್ಲಿ ಉತ್ತರ ಕೊಟ್ಟ. ಐದು ನಿಮಿಷದಲ್ಲಿ ಅವನ ಊರು ಮಲಪ್ಪುರಂ, ಮಕ್ಕಳು ಎಷ್ಟು ಎಂಬುದೆಲ್ಲ ಉಮ್ಮನಿಗೆ ಗೊತ್ತಾಗಿತ್ತು. ಹಲಾಲ್ ಊಟಕ್ಕೂ ಹುಡುಕಾಟ ಬೇಕಾಗಲಿಲ್ಲ. ಪೇಟೆಯ ಸಣ್ಣ ಹೋಟೆಲುಗಳಲ್ಲಿ ಪೊರೊಟ್ಟಾ, ಚಿಕನ್ ಕರಿ, ಮಧ್ಯಾಹ್ನದ ಊಟ ನಮ್ಮೂರಿನ ದರಕ್ಕೇ ಸಿಕ್ಕಿತು.

ಮಲೆಯ ರೈಲು

ಎರಡನೇ ದಿನ ಬೆಳಿಗ್ಗೆ ಬಸ್ಸಿನಲ್ಲಿ ಕೂನೂರಿಗೆ ಇಳಿದು, ಅಲ್ಲಿಂದ ರೈಲಿನಲ್ಲಿ ಊಟಿಗೆ ಏರಿದೆವು. ಮೇಟ್ಟುಪಾಳಯಂನಿಂದ ಊಟಿಗೆ 46 ಕಿಲೋಮೀಟರ್ ಉದ್ದದ ಈ ಹಳಿ 1899ರಲ್ಲಿ ಕೂನೂರಿಗೆ, 1908ರಲ್ಲಿ ಊಟಿಗೆ ತಲುಪಿತು. 2005ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕೂನೂರಿನವರೆಗಿನ ಕಡಿದಾದ ಏರಿನಲ್ಲಿ ಹಳಿಗಳ ನಡುವೆ ಹಲ್ಲಿನ ಪಟ್ಟಿ ಉಂಟು. ಎಂಜಿನ್‌ನ ಹಲ್ಲುಚಕ್ರ ಅದನ್ನು ಕಚ್ಚಿ ಕಚ್ಚಿ ಮೇಲೇರುತ್ತದೆ. ಮೇಟ್ಟುಪಾಳಯಂನಿಂದ ಬರುವ ಗಾಡಿಯ ಸೀಟುಗಳು ತುಂಬಾ ಮೊದಲೇ ಮುಗಿದುಹೋಗುತ್ತವೆ. ಆದರೆ ಕೂನೂರು–ಊಟಿ ನಡುವೆ ದಿನಕ್ಕೆ ಕೆಲವು ಗಾಡಿಗಳಿವೆ. ಮುಂಚಿತವಾಗಿ ಹೋಗಿ ಸಾಲಿನಲ್ಲಿ ನಿಂತರೆ ಎರಡನೇ ದರ್ಜೆಯ ಟಿಕೆಟ್ ಸಿಗುವ ಸಾಧ್ಯತೆ ಹೆಚ್ಚು. ನಾವು ಒಂದು ಗಂಟೆ ಮೊದಲೇ ಹೋಗಿದ್ದೆವು. ಉಮ್ಮನನ್ನು ಬೆಂಚಿನಲ್ಲಿ ಕೂರಿಸಿ ನಾನು ನಿಂತೆ.

ಅರುವಂಕಾಡು, ಕೇತಿ, ಲವ್‌ಡೇಲ್ ದಾಟಿ ಸುಮಾರು ಒಂದು ಗಂಟೆಯ ದಾರಿ. ಕೇತಿ ಕಣಿವೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ತರಕಾರಿ ಗದ್ದೆಗಳು. ಉಮ್ಮ ಕಿಟಕಿಗೆ ಮುಖ ಒತ್ತಿ ಕೂತಿದ್ದರು. "ಇದೆಲ್ಲ ಕ್ಯಾರೆಟಾ?" ಎಂದು ಮಾತ್ರ ಕೇಳಿದರು.

ಲೆಕ್ಕ

ಮೂವರಿಗೆ ಆದ ಖರ್ಚು ಇಷ್ಟು: ಮಂಗಳೂರು–ಮೈಸೂರು ನನ್ನೊಬ್ಬನ ಹೋಗಿ ಬರುವ ಟಿಕೆಟ್ 750, ಮೈಸೂರು–ಊಟಿ ಮೂವರಿಗೆ ಹೋಗಿ ಬರಲು 1,500, ಎರಡು ರಾತ್ರಿಯ ಕೋಣೆ 2,200, ಊಟ-ಚಹಾ 2,100, ಊರೊಳಗಿನ ಬಸ್, ರೈಲು, ಪ್ರವೇಶ ಶುಲ್ಕ 850, ವರ್ಕಿ, ಚಾಕಲೇಟ್, ನೀಲಗಿರಿ ಎಣ್ಣೆ 1,000. ಒಟ್ಟು 8,400 ರೂಪಾಯಿ. ಅಣ್ಣ ವಿಚಾರಿಸಿಟ್ಟಿದ್ದ ಕಾರು ಬಾಡಿಗೆಯೇ ಇದರ ಎರಡು ಪಟ್ಟು ಇತ್ತು.

ಎಲ್ಲರಿಗೂ ಇದು ಹೊಂದುತ್ತದೆ ಎನ್ನಲಾರೆ. ಹಸುಗೂಸು ಇರುವವರಿಗೆ, ತೀರಾ ನಡೆಯಲಾಗದ ಹಿರಿಯರಿಗೆ ಕಾರೇ ಬೇಕಾದೀತು. ನಾವೂ ಎರಡು ಕಡೆ ಆಟೋ ಹಿಡಿದೆವು, ದೊಡ್ಡಬೆಟ್ಟ ಬಿಟ್ಟುಬಿಟ್ಟೆವು. ಬಿಟ್ಟದ್ದಕ್ಕೆ ಬೇಸರ ಆಗಲಿಲ್ಲ. ಉಮ್ಮನಿಗೆ ನೋಡಬೇಕಾಗಿದ್ದುದು ಬೇರೆಯೇ ಇತ್ತು.

ಹೊರಡುವ ದಿನ ಬೆಳಿಗ್ಗೆ ಅವರು ಕೇಳಿದರು, "ಉಪ್ಪ ಲೋಡ್ ಮಾಡ್ತಿದ್ದ ಜಾಗ ಎಲ್ಲಿ?" ನನಗೂ ಸರಿಯಾಗಿ ಗೊತ್ತಿರಲಿಲ್ಲ. ಪೇಟೆಯ ಮಾರುಕಟ್ಟೆಗೆ ಕರೆದುಕೊಂಡು ಹೋದೆ. ಮಂಜಿನಲ್ಲಿ ಮೂಟೆ ಇಳಿಸುತ್ತಿದ್ದರು. ಒಂದು ಲಾರಿಯ ಚಾಲಕ ಕಿವಿಗೆ ಮಫ್ಲರ್ ಸುತ್ತಿ ಗ್ಲಾಸಿನ ಚಹಾದಲ್ಲಿ ಕೈ ಕಾಯಿಸುತ್ತಿದ್ದ. ಉಮ್ಮ ಅವನನ್ನು ಸ್ವಲ್ಪ ಹೊತ್ತು ನೋಡುತ್ತಾ ನಿಂತರು. ಆಮೇಲೆ ಸೊಪ್ಪು ಇರುವ ಎರಡು ಕಟ್ಟು ಕ್ಯಾರೆಟ್ ಕೊಂಡು ಬ್ಯಾಗಿಗೆ ಹಾಕಿಕೊಂಡರು.

ಮೈಸೂರಿನ ಬಸ್ಸಿನಲ್ಲಿ ಕೂತ ಮೇಲೆ ಅಣ್ಣನ ಫೋನ್ ಬಂತು. "ಸ್ವಲ್ಪ ಕಾಯಬಾರದಿತ್ತಾ? ನಾನು ಬಂದು ಕರ್ಕೊಂಡು ಹೋಗ್ತಿದ್ದೆ" ಎಂದು ಅವನಿಗೆ ಸಣ್ಣ ಬೇಸರ. ಉಮ್ಮ ಫೋನ್ ತೆಗೆದುಕೊಂಡು ಹೇಳಿದರು: "ನೀನು ಬಾ ಮೋನೆ. ಇನ್ನೊಮ್ಮೆ ಹೋಗುವ. ಕಾರು ಬೇಡ, ನನಗೆ ಬಸ್ಸಲ್ಲಿ ಟಿಕೆಟೇ ಇಲ್ಲ."