ಗಂಟು ದೊಡ್ಡದು, ತಿಂಗಳಿಗೆ ಬರುವುದೆಷ್ಟು?

ಧರ್ಮಪುರಿ: ಪೆನ್ನಾಗರಂ, ಮೆಟ್ಟೂರು, ಕೊಳತ್ತೂರು ಕಡೆಯ ಹಳ್ಳಿಗಳಲ್ಲಿ ಗಂಡ ಹೆಂಡತಿ ಇಬ್ಬರೂ ಸರ್ಕಾರಿ ಶಾಲೆಯ ಶಿಕ್ಷಕರು ಎಂದರೆ ಊರಿನವರ ಲೆಕ್ಕದಲ್ಲಿ ಅದು ಅನುಕೂಲಸ್ಥರ ಮನೆ. ಕಾರು ಇರುತ್ತದೆ, ಸೇಲಂನಲ್ಲಿ ಒಂದು ಸೈಟು ಇರುತ್ತದೆ, ಮಗ ಇಂಜಿನಿಯರಿಂಗ್ ಓದುತ್ತಿರುತ್ತಾನೆ. ಆದರೆ ಅವರು 2003ರ ನಂತರ ಕೆಲಸಕ್ಕೆ ಸೇರಿದವರಾದರೆ, ನಿವೃತ್ತಿಯ ಮಾರನೇ ತಿಂಗಳಿನ ಪ್ರಶ್ನೆ ಅವರನ್ನೂ ಬಿಟ್ಟಿಲ್ಲ.

ತಮಿಳುನಾಡು ಸರ್ಕಾರ 2003ರ ಆಗಸ್ಟ್‌ನಲ್ಲಿ ಆದೇಶ ಹೊರಡಿಸಿ, ಅದೇ ವರ್ಷದ ಏಪ್ರಿಲ್ 1ರಿಂದ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲ ಎಂದಿತು. ಬದಲಿಗೆ ಬಂದದ್ದು ವಂತಿಗೆ ಪಿಂಚಣಿ. ಊರಿನವರ ಬಾಯಲ್ಲಿ ಅದು ಸಿಪಿಎಸ್, ತಮಿಳಿನಲ್ಲಿ 'ಪಂಗಳಿಪ್ಪು ಓಯ್ವೂದಿಯ ತಿಟ್ಟಂ'. ಮೂಲ ವೇತನ ಮತ್ತು ತುಟ್ಟಿಭತ್ಯೆಯಲ್ಲಿ ಶೇ. 10 ಕಡಿತ, ಅಷ್ಟೇ ಮೊತ್ತ ಸರ್ಕಾರದ್ದು, ಅದರ ಮೇಲೆ ಜಿಪಿಎಫ್‌ಗೆ ಸಮನಾದ ಬಡ್ಡಿ. ಹೆಸರಿನಲ್ಲಿ ಪಿಂಚಣಿ ಇದ್ದರೂ ನಿವೃತ್ತಿಯ ದಿನ ಕೈಗೆ ಬರುತ್ತಿದ್ದದ್ದು ಒಂದೇ ಗಂಟು. ತಿಂಗಳ ಪಿಂಚಣಿಯೂ ಇಲ್ಲ, ಕುಟುಂಬ ಪಿಂಚಣಿಯೂ ಇಲ್ಲ. ಗಡಿಯಾಚೆ ಕರ್ನಾಟಕದಲ್ಲಿ 2006ರ ಏಪ್ರಿಲ್ ನಂತರ ಸೇರಿದವರು ಎನ್‌ಪಿಎಸ್‌ಗೆ ಸೇರಿದರು. ಅಲ್ಲಿ ಗಂಟಿನ ಶೇ. 40 ಭಾಗವನ್ನಾದರೂ ತಿಂಗಳ ಪಿಂಚಣಿಗೆ ತೊಡಗಿಸಲೇಬೇಕು. ತಮಿಳುನಾಡು ಆ ವ್ಯವಸ್ಥೆಗೂ ಸೇರಲಿಲ್ಲ.

ಗಂಟು ಎಷ್ಟಾಗುತ್ತದೆ? ಸಂಬಳ ಏರುವ ವೇಗ ಮತ್ತು ಬಡ್ಡಿ ಹೆಚ್ಚುಕಡಿಮೆ ಒಂದೇ ಎಂದುಕೊಂಡರೆ ಲೆಕ್ಕ ಸುಲಭ. ಇಬ್ಬರ ಪಾಲು ಸೇರಿ ಶೇ. 20. ಅಂದರೆ ಐದು ವರ್ಷದ ಸೇವೆಗೆ ಕೊನೆಯ ಸಂಬಳದ ಲೆಕ್ಕದಲ್ಲಿ ಒಂದು ವರ್ಷದ ಸಂಬಳ ಕೂಡುತ್ತದೆ. 25 ವರ್ಷ ದುಡಿದು, ಕೊನೆಗೆ 80,000 ರೂಪಾಯಿ ಪಡೆಯುತ್ತಿದ್ದ ಶಿಕ್ಷಕಿಗೆ ಐದು ವರ್ಷದ ಸಂಬಳ, ಅಂದರೆ 48 ಲಕ್ಷ.

ಕೇಳುವುದಕ್ಕೆ ದೊಡ್ಡ ಮೊತ್ತ. ಅದನ್ನು ಮುಟ್ಟದೆ ಶೇ. 7.1ರ ಬಡ್ಡಿಗೆ ಇಟ್ಟರೆ ತಿಂಗಳಿಗೆ 28,400 ರೂಪಾಯಿ. ಹಳೆಯ ಪಿಂಚಣಿಯಾಗಿದ್ದರೆ ಅರ್ಧ ಸಂಬಳ, ಅಂದರೆ 40,000. ವ್ಯತ್ಯಾಸ ಅಷ್ಟೇ ಎಂದು ಸಮಾಧಾನ ಪಡುವವರು ಉಂಟು. ನಿಜವಾದ ಪೆಟ್ಟು ಬೀಳುವುದು ಆಮೇಲೆ. ಹಳೆಯ ಪಿಂಚಣಿ ತುಟ್ಟಿಭತ್ಯೆಯೊಂದಿಗೆ ಏರುತ್ತಾ ಹೋಗುತ್ತದೆ, ಬಡ್ಡಿ ನಿಂತಲ್ಲೇ ನಿಲ್ಲುತ್ತದೆ. ಬೆಲೆಗಳು ವರ್ಷಕ್ಕೆ ಶೇ. 5 ಏರಿದರೂ ಸಾಕು, 20 ವರ್ಷದ ನಂತರ ಆ 28,400 ರೂಪಾಯಿಗೆ ಇಂದಿನ ಹತ್ತು ಹನ್ನೊಂದು ಸಾವಿರದ ಸಾಮಾನು ಮಾತ್ರ ಸಿಗುತ್ತದೆ. ಅಸಲನ್ನೂ ಸೇರಿಸಿ ಬಳಸುತ್ತಾ, ಪ್ರತಿವರ್ಷ ಶೇ. 5 ಹೆಚ್ಚಿಸಿಕೊಳ್ಳುತ್ತಾ 25 ವರ್ಷ ನಡೆಸುವುದಾದರೆ ಶುರುವಿನಲ್ಲಿ ತಿಂಗಳಿಗೆ 20,000 ರೂಪಾಯಿಯ ಸುತ್ತಮುತ್ತ ತೆಗೆಯಬಹುದು. ಅದು ಕೊನೆಯ ಸಂಬಳದ ಕಾಲುಭಾಗ. 85ನೇ ವಯಸ್ಸಿಗೆ ಖಾತೆ ಖಾಲಿ.

ಇದೂ 25 ವರ್ಷ ಸೇವೆ ಇದ್ದವರ ಮಾತು. ತಡವಾಗಿ, 45ನೇ ವಯಸ್ಸಿಗೆ ಕೆಲಸ ಸಿಕ್ಕಿ 15 ವರ್ಷ ದುಡಿದವರಿಗೆ ಅದೇ ಸಂಬಳದಲ್ಲಿ 28.8 ಲಕ್ಷ. ಮಗಳ ಮದುವೆ, ಕೊಳವೆಬಾವಿ, ಉಳಿದ ಮನೆ ಸಾಲ ಎಂದು ಗಂಟು ಬಿಚ್ಚಿದರೆ ಎಷ್ಟು ಉಳಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಕೈಯಲ್ಲಿ ಹಣವಿರುವ ಹಿರಿಯರ ಹತ್ತಿರ ನೆಂಟರು ಸಾಲ ಕೇಳದೆ ಬಿಡುವುದಿಲ್ಲ, ಅದು ಬೇರೆ ಕಥೆ.

ಈ ಸಿಟ್ಟೇ 2019ರ ಜನವರಿಯ ಜಾಕ್ಟೋ-ಜಿಯೋ ಮುಷ್ಕರಕ್ಕೆ ಮುಖ್ಯ ಕಾರಣ. 2026ರ ಜನವರಿ 3ರಂದು ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ 'ತಮಿಳುನಾಡು ಖಚಿತ ಪಿಂಚಣಿ ಯೋಜನೆ' ಪ್ರಕಟಿಸಿದರು. ಶೇ. 10 ಕಡಿತ ಮುಂದುವರಿಯುತ್ತದೆ, ಕೊನೆಯ ಸಂಬಳದ ಅರ್ಧ ಪಿಂಚಣಿಗೆ ಬೇಕಾಗುವ ಉಳಿದ ಹಣವನ್ನು ಸರ್ಕಾರ ಹಾಕುತ್ತದೆ, ಪಿಂಚಣಿದಾರರು ತೀರಿಕೊಂಡರೆ ಅದರ ಶೇ. 60 ಕುಟುಂಬಕ್ಕೆ ಎಂಬುದು ಅದರ ಸಾರ. ಮೇಲಿನ ದಂಪತಿಗೆ ಇದನ್ನು ಅನ್ವಯಿಸಿದರೆ ಇಬ್ಬರಿಗೂ ಸೇರಿ 80,000. ಒಬ್ಬರು ಹೋದರೆ ಇನ್ನೊಬ್ಬರಿಗೆ ತಮ್ಮ 40,000 ಮತ್ತು ಕುಟುಂಬ ಪಿಂಚಣಿ 24,000, ಒಟ್ಟು 64,000. ಮಕ್ಕಳ ಓದು ಮುಗಿದ ಮನೆಗೆ ಇದು ಸಾಲದು ಎನ್ನುವಂತಿಲ್ಲ.

ಇನ್ನು ಮೆಟ್ಟೂರಿನ ಕಾರ್ಖಾನೆಗಳಲ್ಲಿ, ಸೇಲಂನ ಖಾಸಗಿ ಕಂಪನಿಗಳಲ್ಲಿ ಒಳ್ಳೆಯ ಸಂಬಳ ಪಡೆಯುವವರ ಸ್ಥಿತಿ. ಅವರಿಗಿರುವುದು ಪಿಎಫ್ ಜೊತೆಗಿನ 1995ರ ಪಿಂಚಣಿ ಯೋಜನೆ. ಇಲ್ಲಿ ವಿಚಿತ್ರವೆಂದರೆ ಸಂಬಳ ಹೆಚ್ಚಿದಷ್ಟೂ ಪಿಂಚಣಿಯ ಪ್ರಮಾಣ ಕಡಿಮೆ. ಪಿಂಚಣಿಗೆ ಲೆಕ್ಕ ಹಿಡಿಯುವ ಸಂಬಳಕ್ಕೆ ಮಿತಿ ಇದೆ: ಮೊದಲು 6,500, 2014ರ ಸೆಪ್ಟೆಂಬರ್‌ನಿಂದ 15,000. ಆ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 1996ರ ಸೆಪ್ಟೆಂಬರ್‌ನಲ್ಲಿ ಸೇರಿ 2024ರ ಆಗಸ್ಟ್‌ನಲ್ಲಿ 58 ತುಂಬಿ ಹೊರಬಂದವರಿಗೆ ಸಿಗುವುದು 4,000 ರೂಪಾಯಿಯ ಆಸುಪಾಸು. ಕೊನೆಯ ಸಂಬಳ 20,000 ಇರಲಿ, ಲಕ್ಷ ಇರಲಿ, ಅಷ್ಟೇ. ತುಟ್ಟಿಭತ್ಯೆಯೂ ಇಲ್ಲ. ಪೂರ್ತಿ ಸಂಬಳದ ಮೇಲೆ ಪಿಂಚಣಿ ಕೇಳಲು 2022ರ ನವೆಂಬರ್ 4ರ ಸುಪ್ರೀಂ ಕೋರ್ಟ್ ತೀರ್ಪು ದಾರಿ ಮಾಡಿತು. ಆದರೆ ಅದಕ್ಕೆ ಹಿಂದಿನ ವರ್ಷಗಳ ವ್ಯತ್ಯಾಸವನ್ನು ಬಡ್ಡಿ ಸಮೇತ ಪಿಎಫ್‌ನಿಂದ ವಾಪಸ್ ಕಟ್ಟಬೇಕು.

ಹಾಗಾಗಿ ಇಂಥ ಮನೆಗಳಿಗೆ ಪಿಎಫ್ ಗಂಟೇ ನಿಜವಾದ ಪಿಂಚಣಿ. ಮನೆ ಕಟ್ಟಲೆಂದು ನಡುವೆ ಅದನ್ನು ತೆಗೆದವರು ನಿವೃತ್ತಿಗೆ ಹತ್ತು ವರ್ಷ ಮೊದಲಾದರೂ ಲೆಕ್ಕ ನೋಡಿಕೊಳ್ಳಬೇಕು. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 2023ರಿಂದ ಒಬ್ಬರು 30 ಲಕ್ಷದವರೆಗೆ ಇಡಬಹುದು. ಆ ವರ್ಷ ನಿಗದಿಯಾದ ಶೇ. 8.2ರ ದರದಲ್ಲಿ ಅದಕ್ಕೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಬಡ್ಡಿ. ಸರ್ಕಾರಿ ನೌಕರರಾದರೆ ಪ್ರತಿವರ್ಷದ ಸಿಪಿಎಸ್ ಲೆಕ್ಕದ ಚೀಟಿಯನ್ನು ಸಂಬಳದ ಚೀಟಿಯೊಂದಿಗೆ ಹೋಲಿಸಿ ನೋಡಬೇಕು. ಕಡಿತವಾಗಿಯೂ ಖಾತೆಗೆ ಸೇರದ ತಿಂಗಳುಗಳಿದ್ದರೆ ವರ್ಗಾವಣೆಯಾಗುವ ಮೊದಲೇ ಸರಿಪಡಿಸಿಕೊಳ್ಳುವುದು ಸುಲಭ.