ಫೋಟೋಶಾಪ್‌ನಲ್ಲಿ ಕೀಬೋರ್ಡ್ ಮಾತು ಕೇಳುವುದಿಲ್ಲವೇ? ಹೊಸತು ತರುವ ಮೊದಲು ಭಾಷೆ ಯಾವುದಿದೆ ನೋಡಿ

ನಿಕಾಹ್ ಕಾರ್ಡ್‌ನ ಕೆಲಸ ಮುಕ್ಕಾಲು ಮುಗಿದಿದೆ. ಮೇಲೆ ಅರಬಿಯಲ್ಲಿ ಬಿಸ್ಮಿಲ್ಲಾಹ್, ಕೆಳಗೆ ಕನ್ನಡದಲ್ಲಿ ಹೆಸರು-ವಿವರ, ಹುಡುಗಿ ಮನೆಯವರಿಗಾಗಿ ಅದೇ ವಿಷಯ ಮಲಯಾಳದಲ್ಲಿ, ಹಾಲ್‌ನ ವಿಳಾಸ ಇಂಗ್ಲಿಷಿನಲ್ಲಿ. ಪಾರ್ಟಿ ಎದುರಿಗೇ ಕುರ್ಚಿ ಹಾಕಿ ಕೂತಿದ್ದಾರೆ. ಹೂವಿನ ಚಿತ್ರವನ್ನು ಒಂಚೂರು ಪಕ್ಕಕ್ಕೆ ಸರಿಸಲು ಡಿಸೈನ್ ಮಾಡುವ ಹುಡುಗ ‘ವಿ’ ಒತ್ತುತ್ತಾನೆ. ಏನೂ ಆಗುವುದಿಲ್ಲ. ‘ಬಿ’ ಒತ್ತಿದರೆ ಬ್ರಷ್ ಬರುವುದಿಲ್ಲ, ‘ಟಿ’ ಒತ್ತಿದರೆ ಅಕ್ಷರದ ಟೂಲ್ ಬರುವುದಿಲ್ಲ. ಮೌಸ್ ಮಾತ್ರ ಸರಾಗವಾಗಿ ಓಡುತ್ತಿದೆ. “ಕೀಬೋರ್ಡ್ ಹೋಯ್ತು” ಅಂತ ವೈರ್ ಕಿತ್ತು ಚುಚ್ಚಿದ್ದಾಯಿತು, ಕೊನೆಗೆ ಟಾಸ್ಕ್ ಮ್ಯಾನೇಜರ್‌ಗೆ ಹೋಗಿ ಫೋಟೋಶಾಪ್ ಅನ್ನೇ ಬಂದ್ ಮಾಡಿದ್ದಾಯಿತು. ಸೇವ್ ಮಾಡದ ಕೆಲಸ ಹೋಯಿತು. ಕೀಬೋರ್ಡ್‌ಗೆ ಎಂತದ್ದೂ ಆಗಿರಲಿಲ್ಲ.

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಡಿಸೈನ್ ಅಂಗಡಿಗಳಲ್ಲಿ ಕೂತವರಿಗೆ ಈ ಪಾಡು ಹೊಸತಲ್ಲ. ಒಂದೇ ಕಂಪ್ಯೂಟರಿನಲ್ಲಿ ನಾಲ್ಕು ಭಾಷೆ ಟೈಪ್ ಮಾಡುವ ಊರು ಇದು. ಸಮಸ್ಯೆಯ ಬೇರು ಹೆಚ್ಚಾಗಿ ಅಲ್ಲೇ ಇರುತ್ತದೆ.

ಫೋಟೋಶಾಪ್‌ನ ಒಂಟಿ ಅಕ್ಷರದ ಶಾರ್ಟ್‌ಕಟ್‌ಗಳು ಇಂಗ್ಲಿಷ್ ಅಕ್ಷರಕ್ಕೆ ಕಟ್ಟಿದವು. ವಿಂಡೋಸ್‌ನಲ್ಲಿ ಆ ಹೊತ್ತಿಗೆ ಕನ್ನಡ ಇನ್‌ಸ್ಕ್ರಿಪ್ಟ್ ಆನ್ ಆಗಿದ್ದರೆ ‘ವಿ’ ಕೀಲಿಯಿಂದ ಬರುವುದು ‘ನ’. ಮಲಯಾಳ ಇನ್‌ಸ್ಕ್ರಿಪ್ಟ್‌ನಲ್ಲೂ ಅದೇ ಜಾಗದಲ್ಲಿ ‘ನ’ವೇ. ಅರಬಿ ಕೀಬೋರ್ಡ್ ಇದ್ದರೆ ಅದು ‘ರಾ’ ಅಕ್ಷರ. ‘ವಿ’ ಬರಲಿ ಎಂದು ಕಾಯುತ್ತಿರುವ ಫೋಟೋಶಾಪ್‌ಗೆ ‘ನ’ ಕೊಟ್ಟರೆ ಅದು ಏನು ಮಾಡಬೇಕು? ಸುಮ್ಮನಿರುತ್ತದೆ. ಕಂಟ್ರೋಲ್ ಜತೆಗೆ ಒತ್ತುವ ಶಾರ್ಟ್‌ಕಟ್‌ಗಳು ಮಾತ್ರ ಬಹಳ ಸಲ ಆಗಲೂ ನಡೆಯುತ್ತವೆ. ಹಾಗಾಗಿ ಕಂಟ್ರೋಲ್-ಎಸ್ ನಡೆದು ಬರೀ ‘ವಿ’ ನಡೆಯದಿದ್ದರೆ, ಮೊದಲ ಅನುಮಾನ ಭಾಷೆಯ ಮೇಲೆಯೇ ಬರಬೇಕು. ಸ್ಕ್ರೀನ್‌ನ ಕೆಳಗೆ ಬಲ ಮೂಲೆಯಲ್ಲಿ, ಗಡಿಯಾರದ ಪಕ್ಕ ಯಾವ ಭಾಷೆಯ ಗುರುತು ಇದೆ ನೋಡಿ. ಇಂಗ್ಲಿಷ್ ಅಲ್ಲದಿದ್ದರೆ ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿ ಬದಲಿಸಿ. ಅರ್ಧ ನಿಮಿಷದ ಕೆಲಸ.

“ನಾನು ಭಾಷೆ ಬದಲಿಸಲೇ ಇಲ್ಲವಲ್ಲ” ಎನ್ನುತ್ತಾರೆ ಎಲ್ಲರೂ. ಬದಲಿಸಿರುತ್ತಾರೆ, ಗೊತ್ತಾಗಿರುವುದಿಲ್ಲ. ಎಡಗಡೆಯ ಆಲ್ಟ್ ಮತ್ತು ಶಿಫ್ಟ್ ಒಟ್ಟಿಗೆ ಒತ್ತಿ ಬಿಟ್ಟರೆ ಭಾಷೆ ಬದಲಾಗುವುದು ವಿಂಡೋಸ್‌ನ ಹಳೆಯ ಪದ್ಧತಿ. ಫೋಟೋಶಾಪ್‌ನಲ್ಲಿ ನಡುಬಿಂದುವಿನಿಂದ ಸರಿಯಾದ ವೃತ್ತ ಎಳೆಯಲು ಹಿಡಿಯಬೇಕಾದದ್ದೂ ಅದೇ ಆಲ್ಟ್ ಮತ್ತು ಶಿಫ್ಟ್! ವೃತ್ತ ಎಳೆದು ಕೈ ಬಿಟ್ಟ ಕೂಡಲೇ ಭಾಷೆ ಮಲಯಾಳಕ್ಕೋ ಅರಬಿಗೋ ಹಾರಿರುತ್ತದೆ. ಒಂದೇ ಭಾಷೆ ಹಾಕಿಟ್ಟವರಿಗೆ ಈ ತಾಪತ್ರಯ ಇಲ್ಲ.

ಇದಕ್ಕೆ ಶಾಶ್ವತ ಪರಿಹಾರ ಉಂಟು. ಸ್ಟಾರ್ಟ್ ಮೆನುವಿನಲ್ಲಿ ‘ಅಡ್ವಾನ್ಸ್ಡ್ ಕೀಬೋರ್ಡ್ ಸೆಟ್ಟಿಂಗ್ಸ್’ ಎಂದು ಇಂಗ್ಲಿಷಿನಲ್ಲಿ ಹುಡುಕಿ. ಅದರೊಳಗೆ ‘ಇನ್‌ಪುಟ್ ಲ್ಯಾಂಗ್ವೇಜ್ ಹಾಟ್ ಕೀಸ್’ ತೆರೆದು, ‘ಬಿಟ್ವೀನ್ ಇನ್‌ಪುಟ್ ಲ್ಯಾಂಗ್ವೇಜಸ್’ ಎಂಬ ಸಾಲನ್ನು ಆರಿಸಿ, ‘ಚೇಂಜ್ ಕೀ ಸೀಕ್ವೆನ್ಸ್’ ಒತ್ತಿ, ‘ನಾಟ್ ಅಸೈನ್ಡ್’ ಮಾಡಿ. ಆಮೇಲೆ ಆಲ್ಟ್-ಶಿಫ್ಟ್ ಒತ್ತಿದರೆ ಭಾಷೆ ಕದಲುವುದಿಲ್ಲ, ಬೇಕೆಂದಾಗ ವಿಂಡೋಸ್-ಸ್ಪೇಸ್ ಇದ್ದೇ ಇದೆ. ಅದೇ ಪುಟದಲ್ಲಿ ಪ್ರತಿ ಆ್ಯಪ್ ಕಿಟಕಿಗೂ ಬೇರೆ ಬೇರೆ ಭಾಷೆ ಇಟ್ಟುಕೊಳ್ಳಲು ಒಂದು ಟಿಕ್ ಇದೆ. ಅದನ್ನು ಹಾಕಿಟ್ಟರೆ ವರ್ಡ್‌ನಲ್ಲಿ ಮಲಯಾಳ ಟೈಪ್ ಮಾಡಿ ಬಂದರೂ ಫೋಟೋಶಾಪ್ ಇಂಗ್ಲಿಷಿನಲ್ಲೇ ಇರುತ್ತದೆ.

ಗಲ್ಫ್‌ಗೆ ಡಿಸೈನರ್ ಕೆಲಸಕ್ಕೆ ಹೊರಟಿರುವ ಹುಡುಗರು ಇದನ್ನು ಕಲಿತೇ ವಿಮಾನ ಹತ್ತುವುದು ಒಳ್ಳೆಯದು. ಅಲ್ಲಿನ ಆಫೀಸ್ ಕಂಪ್ಯೂಟರ್‌ಗಳಲ್ಲಿ ಇಂಗ್ಲಿಷ್ ಜತೆಗೆ ಅರಬಿ ಇರುವುದು ಸಾಮಾನ್ಯ. ಕೆಲಸ ಬರುವ ಹುಡುಗನೇ ಮೊದಲ ವಾರದಲ್ಲಿ ಮ್ಯಾನೇಜರ್ ಎದುರು ಕೀಬೋರ್ಡ್ ಕುಟ್ಟುತ್ತಾ ಕೂತರೆ, ನೋಡುವವರಿಗೆ ಕಾಣುವುದು ‘ಇವನಿಗೆ ಕೆಲಸ ಬರುವುದಿಲ್ಲ’ ಎಂದೇ.

ನುಡಿ ಬಳಸುವವರ ಕಥೆ ಸ್ವಲ್ಪ ಬೇರೆ. ನುಡಿ ತಂತ್ರಾಂಶವು ಹಿನ್ನೆಲೆಯಲ್ಲಿ ಕೂತು, ಒತ್ತಿದ ಕೀಲಿಯನ್ನು ನಡುವೆ ಹಿಡಿದು ಕನ್ನಡ ಮಾಡಿ ಕಳಿಸುತ್ತದೆ. ಗಡಿಯಾರದ ಪಕ್ಕದ ಭಾಷಾ ಗುರುತು ಇಂಗ್ಲಿಷ್ ಎಂದೇ ತೋರಿಸುತ್ತಿರುತ್ತದೆ, ಶಾರ್ಟ್‌ಕಟ್ ಮಾತ್ರ ನಡೆಯುವುದಿಲ್ಲ. ಸ್ಕ್ರೋಲ್ ಲಾಕ್ ಒತ್ತಿ ಇಂಗ್ಲಿಷಿಗೆ ಬನ್ನಿ. ಲ್ಯಾಪ್‌ಟಾಪ್‌ನಲ್ಲಿ ಆ ಕೀಲಿ ಇಲ್ಲದಿದ್ದರೆ ವಿಂಡೋಸ್-ಕಂಟ್ರೋಲ್-ಓ ಒತ್ತಿದಾಗ ಸ್ಕ್ರೀನ್ ಮೇಲೆ ಬರುವ ಕೀಬೋರ್ಡ್‌ನಲ್ಲಿ ಹುಡುಕಿ. ಉಲ್ಟಾ ತೊಂದರೆಯೂ ಉಂಟು: ನೋಟ್‌ಪ್ಯಾಡ್‌ನಲ್ಲಿ ನುಡಿ ಚೆನ್ನಾಗಿ ನಡೆಯುತ್ತದೆ, ಫೋಟೋಶಾಪ್‌ನಲ್ಲಿ ಕನ್ನಡ ಬರುವುದೇ ಇಲ್ಲ. ಫೋಟೋಶಾಪ್ ಅನ್ನು ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಎಂದು ತೆರೆದು, ನುಡಿಯನ್ನು ಮಾಮೂಲಿಯಾಗಿ ತೆರೆದಿದ್ದರೆ ಹೀಗಾಗುತ್ತದೆ. ಕೆಳಗಿನ ಹಂತದ ಪ್ರೋಗ್ರಾಂ ಮೇಲಿನ ಹಂತದ ಪ್ರೋಗ್ರಾಂಗೆ ಕೀಲಿ ಒತ್ತಿ ಕಳಿಸಲು ವಿಂಡೋಸ್ ಬಿಡುವುದಿಲ್ಲ. ಎರಡನ್ನೂ ಒಂದೇ ರೀತಿಯಲ್ಲಿ ತೆರೆದರೆ ಸರಿ.

ಭಾಷೆ ಸರಿ ಇದ್ದೂ ನಡೆಯದಿದ್ದರೆ, ಒತ್ತಿದ ಅಕ್ಷರ ಎಲ್ಲಿಗೆ ಹೋಗುತ್ತಿದೆ ಎಂದು ನೋಡಬೇಕು. ಟೆಕ್ಸ್ಟ್ ಟೂಲ್ ಕೈಯಲ್ಲಿದ್ದಾಗ ಕಾರ್ಡ್ ಮೇಲೆ ಒಂದು ಕ್ಲಿಕ್ ಬಿದ್ದರೂ ಸಾಕು, ಹೊಸ ಟೆಕ್ಸ್ಟ್ ಲೇಯರ್ ತೆರೆದು ನೀವು ಒತ್ತಿದ ‘ವಿ’, ‘ಬಿ’ ಎಲ್ಲವೂ ಅಲ್ಲಿ ಅಕ್ಷರವಾಗಿ ಕೂರುತ್ತವೆ. ಬಣ್ಣ ಬಿಳಿ, ಹಿನ್ನೆಲೆಯೂ ಬಿಳಿ ಆದರೆ ಕಣ್ಣಿಗೆ ಕಾಣುವುದೂ ಇಲ್ಲ. ಆಮೇಲೆ ಯಾರೋ ಹಿನ್ನೆಲೆಗೆ ಹಸಿರು ಬಣ್ಣ ಹಾಕಿದರೆ, ಮದುಮಗನ ಹೆಸರಿನ ಪಕ್ಕ ‘ವಿವಿಬಿ’ ಎಂದು ಪ್ರಿಂಟ್ ಆಗುತ್ತದೆ. 500 ಕಾರ್ಡ್ ಹೊಡೆದಾದ ಮೇಲೆ ಕಂಡರೆ ಆ ಕಾಗದದ ಖರ್ಚು ಯಾರ ತಲೆಗೆ? ಕಂಟ್ರೋಲ್-ಎಂಟರ್ ಒತ್ತಿ ಟೆಕ್ಸ್ಟ್‌ನಿಂದ ಹೊರಗೆ ಬನ್ನಿ, ಲೇಯರ್ಸ್ ಪಟ್ಟಿಯಲ್ಲಿ ಹಾಗೆ ಅರ್ಥವಿಲ್ಲದ ಹೆಸರಿನ ಲೇಯರ್ ಇದ್ದರೆ ಅಳಿಸಿ. ಕಂಟ್ರೋಲ್-ಟಿ ಒತ್ತಿ ಚಿತ್ರದ ಅಳತೆ ಬದಲಿಸುತ್ತಾ ನಡುವೆ ಬಿಟ್ಟಿದ್ದರೂ ಬೇರೆ ಟೂಲ್‌ಗಳು ಸಿಗುವುದಿಲ್ಲ. ಎಂಟರ್ ಅಥವಾ ಎಸ್ಕೇಪ್ ಒತ್ತಬೇಕು. ಅಕ್ಷರದ ಸೈಜಿನಂಥ ಚೌಕದಲ್ಲಿ ಕರ್ಸರ್ ಮಿನುಗುತ್ತಿದ್ದರೂ ಇದೇ ಪಾಡು.

ಇನ್ನೊಂದು ಉಪದ್ರ ಶಿಫ್ಟ್‌ನದ್ದು. ಬಲಗಡೆಯ ಶಿಫ್ಟ್ ಅನ್ನು 8 ಸೆಕೆಂಡ್ ಹಿಡಿದರೆ ವಿಂಡೋಸ್ ‘ಫಿಲ್ಟರ್ ಕೀಸ್’ ಬೇಕೇ ಎಂದು ಕೇಳುತ್ತದೆ, 5 ಸಲ ಶಿಫ್ಟ್ ತಟ್ಟಿದರೆ ‘ಸ್ಟಿಕಿ ಕೀಸ್’ ಬೇಕೇ ಎನ್ನುತ್ತದೆ. ಕೈ ನಡುಗುವವರಿಗೆ, ಒಂದೇ ಕೈಯಲ್ಲಿ ಟೈಪ್ ಮಾಡುವವರಿಗೆ ಉಪಕಾರವಾಗಲಿ ಎಂದು ಇಟ್ಟದ್ದು ಅದು, ಒಳ್ಳೆಯದೇ. ಆದರೆ ನೇರ ಗೆರೆ ಎಳೆಯಲು ಶಿಫ್ಟ್ ಹಿಡಿದೇ ಕೂರುವ ಡಿಸೈನರ್ ಓದದೆ ‘ಯೆಸ್’ ಒತ್ತಿಬಿಡುತ್ತಾನೆ. ಫಿಲ್ಟರ್ ಕೀಸ್ ಆನ್ ಆದರೆ ಬೇಗ ತಟ್ಟಿ ಬಿಟ್ಟ ಕೀಲಿಗಳನ್ನು ವಿಂಡೋಸ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎಲ್ಲಾ ಪ್ರೋಗ್ರಾಂಗಳಲ್ಲೂ ಕೀಬೋರ್ಡ್ ಸತ್ತಂತೆ ಕಾಣುತ್ತದೆ. ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿಯಲ್ಲಿ ಕೀಬೋರ್ಡ್ ಎಂಬಲ್ಲಿ ಎರಡನ್ನೂ ಆಫ್ ಮಾಡಿ, ಅವುಗಳ ಶಾರ್ಟ್‌ಕಟ್ ಅನ್ನೂ ತೆಗೆಯಿರಿ.

ಬ್ಲೆಂಡರ್ ಕಲಿಯುತ್ತಿರುವ ಮಕ್ಕಳಿಗೆ ಒಂದು ಮಾತು: ಅಲ್ಲಿ ಮೌಸ್ ಯಾವ ಭಾಗದ ಮೇಲೆ ನಿಂತಿದೆಯೋ ಕೀಲಿ ಹೋಗುವುದು ಆ ಭಾಗಕ್ಕೆ. ‘ಜಿ’ ಒತ್ತಿದರೆ ವಸ್ತು ಸರಿಯುವುದಿಲ್ಲ ಎಂದಾದರೆ ಮೌಸ್ ಅನ್ನು ಮೊದಲು 3ಡಿ ಚಿತ್ರದ ಮೇಲೆ ತನ್ನಿ.

ಯಾವುದೂ ಹೊಂದದಿದ್ದರೆ ಮಾತ್ರ ರೀಸೆಟ್. ಫೋಟೋಶಾಪ್‌ನಲ್ಲಿ ಎಡಿಟ್ ಮೆನುವಿನ ‘ಕೀಬೋರ್ಡ್ ಶಾರ್ಟ್‌ಕಟ್ಸ್’ ತೆರೆದು ಮೂಲ ಪಟ್ಟಿಯನ್ನು ಆರಿಸಿ ನೋಡಿ. ಅದೂ ಆಗದಿದ್ದರೆ, ತೆರೆಯುವಾಗ ಕಂಟ್ರೋಲ್, ಆಲ್ಟ್, ಶಿಫ್ಟ್ ಮೂರನ್ನೂ ಹಿಡಿದರೆ ಸೆಟ್ಟಿಂಗ್ ಫೈಲ್ ಅಳಿಸಲೇ ಎಂದು ಕೇಳುತ್ತದೆ. ಕೋರಲ್‌ಡ್ರಾ ಆದರೆ ಎಫ್8 ಹಿಡಿದು ತೆರೆಯಬೇಕು. ನೀವೇ ಹೊಂದಿಸಿಕೊಂಡ ಶಾರ್ಟ್‌ಕಟ್‌ಗಳು ಹೋಗುತ್ತವೆ ಎಂಬುದು ನೆನಪಿರಲಿ.

ಇದೆಲ್ಲಕ್ಕೂ ಮೊದಲು ಮಾಡಬೇಕಾದದ್ದು ಒಂದಿದೆ, ಗಾಬರಿಯಲ್ಲಿ ಮರೆಯುವುದೂ ಅದನ್ನೇ. ಮೌಸ್ ನಡೆಯುತ್ತಿದ್ದರೆ ಫೈಲ್ ಮೆನುವಿಗೆ ಹೋಗಿ ಸೇವ್ ಒತ್ತಿ. ಸಿಎಸ್6ರಿಂದ ಈಚೆಗೆ ಫೋಟೋಶಾಪ್ ತಾನಾಗಿ 10 ನಿಮಿಷಕ್ಕೊಮ್ಮೆ ಉಳಿಸಿಡುತ್ತದೆ ನಿಜ, ಆದರೆ ನಮ್ಮ ಕಡೆಯ ಎಷ್ಟೋ ಅಂಗಡಿಗಳಲ್ಲಿ ಇನ್ನೂ ಓಡುತ್ತಿರುವುದು ಅದಕ್ಕಿಂತ ಹಳೆಯದು. ಸೇವ್ ಆದ ಮೇಲೆ ನೋಟ್‌ಪ್ಯಾಡ್ ತೆರೆದು ನಾಲ್ಕು ಅಕ್ಷರ ಒತ್ತಿ. ಬೇರೆ ಲಿಪಿ ಬಂದರೆ ಭಾಷೆಯ ಗೊಂದಲ, ಇಂಗ್ಲಿಷ್ ಸರಿಯಾಗಿ ಬಂದರೆ ಫೋಟೋಶಾಪ್ ಒಳಗಿನದು. ಏನೂ ಬಾರದೆ, ಫಿಲ್ಟರ್ ಕೀಸ್ ಕೂಡ ಆಫ್ ಇದ್ದು, ವೈರ್ ಬೇರೆ ಯುಎಸ್‌ಬಿಗೆ ಚುಚ್ಚಿದರೂ ಹಾಗೇ ಇದ್ದರೆ, ಆಗ ಹೊಸ ಕೀಬೋರ್ಡ್ ತರಲು ಪೇಟೆಗೆ ಹೋಗಬಹುದು.